ಕುಂಚವಿಲ್ಲದ ಬಣ್ಣದೂರು

ಕುಂಚ ಎಲ್ಲಿ? ಬಣ್ಣದ ಡಬ್ಬಿ ಎಲ್ಲಿ? ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳ ಬಡಾವಣೆ ಕಲಾನಗರದಲ್ಲಿ ಮೊದಲ ಮನೆಯ ಹೊಸ್ತಿಲು ದಾಟಿದ್ದೇ ನನ್ನ ಕಣ್ಣು ಹುಡುಕಿದ್ದು ಇವನ್ನೇ. ಒಂದೂ ಇರಲಿಲ್ಲ!

ಬೆಂಗಳೂರಿನಿಂದ ಈ ಊರಿಗೆ ಬರೀ 60 ಕಿ.ಮೀ. ದೂರ. ಮೈಸೂರಿಗೆ ಹೋಗುವಾಗಲೆಲ್ಲ ರಸ್ತೆಬದಿಯ ಗೊಂಬೆ ಅಂಗಡಿಗಳನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗಿದವಳು ನಾನು. ಈ ಸಲ ಇಳಿದು ಊರೊಳಗೆ ನಡೆದೆ. ದಾರಿ ತೋರಿಸಲು ಜೊತೆಯಾದವರು ಮರ ಕಡೆಯುವ ಲೇತ್ ಮುಂದೆ ಕೂತೇ ತಲೆ ನೆರೆತ ಹಿರಿಯರೊಬ್ಬರು. ಗಲ್ಲಿ ತಿರುಗಿದರೆ ಸಾಕು, ಎಡಕ್ಕೂ ಬಲಕ್ಕೂ ಲೇತ್ ತಿರುಗುವ ಸದ್ದು!

"ಇಲ್ಲಿ ನೋಡಿ ಅಮ್ಮಾ" ಎಂದು ಅವರು ಆಲೆ ಮರದ ತುಂಡೊಂದನ್ನು ಲೇತ್‌ಗೆ ಸಿಕ್ಕಿಸಿದರು. ಉಳಿ ತಾಗಿದ್ದೇ ತಡ, ಕೊಬ್ಬರಿ ತುರಿಯಂತೆ ಬಿಳಿ ಚೂರು ಹಾರಿತು. ನೋಡನೋಡುತ್ತಲೇ ಬುಗುರಿ! ಆಮೇಲೆ ಹಳದಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಒಲೆಯಿಲ್ಲ, ಬೆಂಕಿಯಿಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಅಪ್ಪಿಕೊಂಡಿತು. ಕೊನೆಗೆ ಒಣಗಿದ ಎಲೆಯ ಗರಿಯೊಂದನ್ನು ಒತ್ತಿದರು. ಮಂಕು ಹಳದಿ ಫಳಫಳ ಹೊಳೆಯಿತು. ಅದರೊಳಗೆ ಬಾಗಿಲ ಬೆಳಕು, ನನ್ನ ಮುಖ! ಕೈಗೆತ್ತಿಕೊಂಡರೆ ಇನ್ನೂ ಬೆಚ್ಚಗಿತ್ತು.

ಅರಗೆಂದರೆ ಮರದ ರೆಂಬೆಗೆ ಕಚ್ಚಿ ಬದುಕುವ ಪುಟ್ಟ ಕೀಟದ ಅಂಟು. ಬೆಳಗ್ಗೆಯಷ್ಟೇ ರಾಮನಗರದ ಮಾರುಕಟ್ಟೆಯಲ್ಲಿ ರಾಶಿ ರಾಶಿ ರೇಷ್ಮೆಗೂಡು ಹರಾಜಾಗುವುದನ್ನು ಕಂಡು ಬಂದಿದ್ದೆ. ತಟ್ಟನೆ ಹೊಳೆಯಿತು: ಈ ಸೀಮೆಯ ಹೆಸರಾಂತ ಎರಡೂ ಕಸುಬುಗಳ ಬೇರು ಎರಡು ಪುಟ್ಟ ಹುಳಗಳಲ್ಲಿದೆ! ಒಂದು ಸೀರೆಗೆ ನೂಲು ಕೊಟ್ಟಿತು, ಇನ್ನೊಂದು ಗೊಂಬೆಗೆ ಮೈಬಣ್ಣ.

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಗೊಂಬೆ ವಿದ್ಯೆ ಕಲಿಸಿದನೆಂಬುದು ಊರಿನ ನಂಬಿಕೆ. ಜಪಾನಿನ ಗೊಂಬೆಗಳ ರೀತಿಯನ್ನು ಇಲ್ಲಿಗೆ ತಂದ ಬಾವಾಸ್ ಮಿಯಾನ್ ಹೆಸರನ್ನು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಎಲ್ಲಿಯ ಪರ್ಷಿಯಾ, ಎಲ್ಲಿಯ ಜಪಾನ್, ಎಲ್ಲಿಯ ಚನ್ನಪಟ್ಟಣ!

ಸಂಜೆ ಮೈಸೂರು ದಿಕ್ಕಿಗೆ ಕೆಲವೇ ಕಿಲೋಮೀಟರು ಸಾಗಿ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೆ ಹೋದೆ. ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಡುತ್ತಿರುವ ಪುಟ್ಟ ಕೃಷ್ಣ. ಮಕ್ಕಳನ್ನು ಬೇಡಿಕೊಂಡವರು ಅವನಿಗೆ ಹರಕೆಯಾಗಿ ಒಪ್ಪಿಸಿದ ಪುಟಾಣಿ ತೊಟ್ಟಿಲುಗಳು. ಗೊಂಬೆಯೂರಿನ ಪಕ್ಕದಲ್ಲೇ ದೇವರೂ ಮಗುವಾಗಿದ್ದಾನೆ! ಚೀಲದೊಳಗಿನ ಬುಗುರಿಯನ್ನು ಮೆಲ್ಲನೆ ಮುಟ್ಟಿ ನೋಡಿದೆ.