ಕಪ್ಪು ಚಿತ್ರಪರಂಪರೆ ಮತ್ತು ಕನ್ನಡದ ‘ಆಕ್ಸಿಡೆಂಟ್’

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ತಯಾರಾದ ಕೆಲವು ಅಪರಾಧ ಚಿತ್ರಗಳನ್ನು 1946ರಲ್ಲಿ ಫ್ರೆಂಚ್ ವಿಮರ್ಶಕ ನಿನೊ ಫ್ರಾಂಕ್ ‘ಫಿಲ್ಮ್ ನ್ವಾರ್’, ಅಂದರೆ ‘ಕಪ್ಪು ಚಿತ್ರ’ ಎಂದು ಗುರುತಿಸಿದನು. ನಾಜಿ ಆಡಳಿತದಿಂದಾಗಿ ಯುರೋಪನ್ನು ತೊರೆದು ಬಂದ ಫ್ರಿಟ್ಸ್ ಲಾಂಗ್, ಬಿಲ್ಲಿ ವೈಲ್ಡರ್ ಮೊದಲಾದ ನಿರ್ದೇಶಕರು ಜರ್ಮನ್ ಚಿತ್ರಗಳ ನೆರಳು-ಬೆಳಕಿನ ವಿನ್ಯಾಸವನ್ನು ಹಾಲಿವುಡ್ಡಿಗೆ ತಂದರು. ಆದರೆ ಈ ಪ್ರಕಾರದ ಸತ್ವವಿರುವುದು ಕೇವಲ ಛಾಯಾಗ್ರಹಣದಲ್ಲಲ್ಲ. ಅಪರಾಧವನ್ನು ಅದು ನೋಡುವ ಕ್ರಮದಲ್ಲಿ.

ವೈಲ್ಡರನ ‘ಡಬಲ್ ಇಂಡೆಮ್ನಿಟಿ’ (1944) ಇದಕ್ಕೆ ಉತ್ತಮ ನಿದರ್ಶನ. ಗಾಯಗೊಂಡ ವಿಮಾ ಪ್ರತಿನಿಧಿಯೊಬ್ಬನು ರಾತ್ರಿ ತನ್ನ ಕಚೇರಿಗೆ ಬಂದು, ಧ್ವನಿಮುದ್ರಣ ಯಂತ್ರದ ಮುಂದೆ ಕುಳಿತು ತಾನು ಮಾಡಿದ ಕೊಲೆಯನ್ನು ಒಪ್ಪಿಕೊಳ್ಳುವುದರಿಂದ ಕಥೆ ತೆರೆದುಕೊಳ್ಳುತ್ತದೆ. ಕೊಲೆಗಾರ ಯಾರೆಂಬುದು ಆರಂಭದಲ್ಲಿಯೇ ತಿಳಿಯುವುದರಿಂದ, ಸಭ್ಯ ಗೃಹಸ್ಥನೊಬ್ಬ ಅಪರಾಧಿಯಾದುದು ಹೇಗೆ ಎಂಬುದೇ ಪ್ರೇಕ್ಷಕನ ಮುಂದಿನ ಪ್ರಶ್ನೆಯಾಗುತ್ತದೆ.

ಕನ್ನಡದಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಅಪರಾಧ ಕಥನಕ್ಕೆ ಜನಪ್ರಿಯತೆ ತಂದಿತಾದರೂ ಅದು ಜೇಮ್ಸ್ ಬಾಂಡ್ ಮಾದರಿಯ ಗೂಢಚಾರ ಸಾಹಸ; ಅಲ್ಲಿ ಕೇಡು ಹೊರಗಿನದು, ನಾಯಕ ನಿಷ್ಕಳಂಕ. ಕಪ್ಪು ಚಿತ್ರದ ಮನೋಧರ್ಮಕ್ಕೆ ಹೆಚ್ಚು ಸಮೀಪವಾದುದು ಶಂಕರ್ ನಾಗ್ ನಿರ್ದೇಶನದ, ವರ್ಣಚಿತ್ರವೇ ಆದ ‘ಆಕ್ಸಿಡೆಂಟ್’ (1985). ಅಮಲಿನಲ್ಲಿದ್ದ ರಾಜಕಾರಣಿಯ ಮಗ ಚಲಾಯಿಸಿದ ಕಾರು, ರಾತ್ರಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಅನಂತ್ ನಾಗ್ ಅಭಿನಯಿಸಿದ ತಂದೆ ತನ್ನ ಅಧಿಕಾರಬಲದಿಂದ ಪ್ರಕರಣವನ್ನು ಮುಚ್ಚಲೆಳಸುತ್ತಾನೆ. ಶಂಕರ್ ನಾಗ್ ನಿರ್ವಹಿಸಿದ ಪತ್ರಕರ್ತ ಸತ್ಯವನ್ನು ಬೆನ್ನಟ್ಟುತ್ತಾನೆ. ಇಲ್ಲಿಯೂ ಅಪರಾಧಿ ಯಾರೆಂಬುದು ರಹಸ್ಯವಲ್ಲ. ಸಾಮಾಜಿಕ ಸಮಸ್ಯೆಯನ್ನು ಕುರಿತ ಶ್ರೇಷ್ಠ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು.

ಇವೆರಡರ ನಡುವಿನ ಅಂತರವೂ ಗಮನಾರ್ಹ. ಅಮೆರಿಕದ ಚಿತ್ರದಲ್ಲಿ ಅಪರಾಧ ವ್ಯಕ್ತಿಯ ಲೋಭದಿಂದ ಹುಟ್ಟಿ ಅವನನ್ನೇ ನುಂಗುತ್ತದೆ. ಅವನಿಗೆ ತಪ್ಪೊಪ್ಪಿಗೆಯ ಅವಕಾಶವಾದರೂ ಇದೆ. ಕನ್ನಡದ ಚಿತ್ರದಲ್ಲಿ ಅಪರಾಧವನ್ನು ವ್ಯವಸ್ಥೆಯೇ ತನ್ನ ಮಡಿಲಲ್ಲಿಟ್ಟು ಕಾಯುತ್ತದೆ. ಸತ್ತವರ ಪರವಾಗಿ ಮಾತನಾಡುವವರೇ ವಿರಳ. ಸವಣೂರು ತಾಲ್ಲೂಕಿನ ಯಲವಿಗಿಯಂತಹ ರೈಲು ನಿಲ್ದಾಣಗಳಿಂದ ದುಡಿಮೆಯನ್ನರಸಿ ಮಹಾನಗರಕ್ಕೆ ಹೊರಡುವವರ ಪಾಲಿಗೆ ರಸ್ತೆಬದಿಯ ರಾತ್ರಿ ಕೇವಲ ಚಿತ್ರದ ಹಿನ್ನೆಲೆಯಲ್ಲ. ಆದಕಾರಣ ಈ ಚಿತ್ರವನ್ನು ಪಾಶ್ಚಾತ್ಯ ಮಾದರಿಯ ಅನುಕರಣೆಯೆಂದು ಎಣಿಸದೆ, ಕಪ್ಪು ಚಿತ್ರದ ಪ್ರಶ್ನೆಯನ್ನು ವ್ಯಕ್ತಿಯಿಂದ ಸಮಾಜದೆಡೆಗೆ ಹೊರಳಿಸಿದ ಕೃತಿಯೆಂದು ಪರಿಭಾವಿಸುವುದು ಯುಕ್ತ.