ಐದು ಡಾಲರ್ ದಂಡದ ಕಥೆ

ತಲಾ ಐದು ಡಾಲರ್ ದಂಡ, ಅಷ್ಟೇ. ಕಟ್ಟಿಬಿಟ್ಟಿದ್ರೆ ಮುಗೀತಿತ್ತು. ಆದ್ರೆ ಅಮೆರಿಕದ ವಿಸ್ಕಾನ್ಸಿನ್‌ನ ಮೂವರು ಅಪ್ಪಂದಿರ ಈ ಕೇಸು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಇವರು ಆಮಿಶ್ ಕ್ರೈಸ್ತರು. ಹೊಲ, ಕೊಟ್ಟಿಗೆ, ಕುದುರೆ ಗಾಡಿ ಇವರ ಬದುಕು. 16 ತುಂಬೋವರೆಗೂ ಮಕ್ಕಳು ಶಾಲೆಗೆ ಹೋಗಲೇಬೇಕು ಅಂತ ಆಗ ರಾಜ್ಯದ ಕಾನೂನಿತ್ತು. ಇವರು ಎಂಟನೇ ಕ್ಲಾಸಿಗೇ ಬಿಡಿಸಿದ್ರು. ಅದಕ್ಕೇ ಈ ದಂಡ.

ಓದು ಬರಹ, ಲೆಕ್ಕ ಬೇಡ ಅಂತಲ್ಲ. ಬೈಬಲ್ ಓದೋಕೆ ಅಕ್ಷರ ಬೇಕೇ ಬೇಕಲ್ಲ! ಅವರ ತಕರಾರು ಹೈಸ್ಕೂಲಿನ ಗಾಳಿ ಬಗ್ಗೆ. ಅಲ್ಲಿ ಪೈಪೋಟಿ, ಮಾರ್ಕು, ನಾನು ಮುಂದೆ ನೀನು ಹಿಂದೆ ಅನ್ನೋ ಓಟ. ನಮ್ಮಲ್ಲಿ ತಗ್ಗಿ ಬಗ್ಗಿ ನಡೆಯೋದೇ ದೊಡ್ಡದು. ಹದಿನಾಲ್ಕರ ವಯಸ್ಸಲ್ಲಿ ಮಗು ಅಪ್ಪನ ಜೊತೆ ಹೊಲದಲ್ಲಿ, ಅಮ್ಮನ ಜೊತೆ ಅಡುಗೆಮನೆಯಲ್ಲಿ ಕಲಿಯೋದೇ ನಮ್ಮ ಪಾಠ ಅಂದ್ರು.

1972ರಲ್ಲಿ ಆಮಿಶರೇ ಗೆದ್ದರು. ಶಾಲೆ ಬದಲು ಮನೆಯಲ್ಲೇ ಕಲಿಸೋದರ ಪರ ವಾದಿಸೋ ಕ್ರೈಸ್ತ ಕುಟುಂಬಗಳು ಇವತ್ತಿಗೂ ಈ ತೀರ್ಪು ಹಿಡ್ಕೊಂಡು ಮಾತಾಡ್ತಾರೆ. ಆದ್ರೆ ಮುಖ್ಯ ನ್ಯಾಯಮೂರ್ತಿ ಬರ್ಗರ್ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಬರೀ ಜೀವನದ ತತ್ವ ಸಾಲದು, ಧರ್ಮದ ನಂಬಿಕೆಯೇ ಆಗಿರಬೇಕು ಅಂದ್ರು. ಸಮಾಜದಿಂದ ದೂರ ಕಾಡಿನ ಗುಡಿಸಲಲ್ಲಿ ಬದುಕಿದ ಲೇಖಕ ಥೋರೋ ಬಂದಿದ್ರೂ ಈ ರಿಯಾಯಿತಿ ಸಿಗ್ತಿರಲಿಲ್ಲ!

ನನ್ನನ್ನ ಕಾಡೋದು ಅದೇ ಕೋರ್ಟಿನ ನ್ಯಾಯಮೂರ್ತಿ ಡಗ್ಲಸ್ ಎತ್ತಿದ ಪ್ರಶ್ನೆ. ಮಕ್ಕಳು ಮೂವರು, ಕೋರ್ಟಲ್ಲಿ ತನ್ನ ಮನಸ್ಸು ಹೇಳಿದ್ದು ಒಬ್ಬ ಹುಡುಗಿ ಮಾತ್ರ. ಉಳಿದಿಬ್ಬರನ್ನ ಯಾರಾದ್ರೂ ಕೇಳಿದ್ರಾ?