ಹಿಟ್ಟಿನ ಹುಂಜವೂ ಹೆಸರಿಲ್ಲದ ಎದುರಾಳಿಯೂ

ಸಂಜೆಯ ಹೊತ್ತು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬೀದಿಗಳಲ್ಲಿ ನಡೆದರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗರು ಜಗಲಿಯ ಮೇಲೆ ಕುಳಿತು ಮೊಬೈಲಿನೊಳಗೆ ಯುದ್ಧ ಹೂಡಿರುವುದು ಕಾಣುತ್ತದೆ. ಗುಂಡಿನ ಸದ್ದು ಹೊರಗೆ ಕೇಳದು. ಕೇಳುವುದು ಬೈಗುಳ ಮಾತ್ರ. ಬೈಸಿಕೊಳ್ಳುವವನು ಯಾವ ಊರಿನವನೆಂಬುದು ಬೈಯುವವನಿಗೇ ತಿಳಿದಿರುವುದಿಲ್ಲ.

ಮೊದಲು ಹೀಗಿರಲಿಲ್ಲ. ಸೈಬರ್ ಕೆಫೆಗಳ ಕಾಲದಲ್ಲಿ ‘ಕೌಂಟರ್ ಸ್ಟ್ರೈಕ್’ ಆಡುವವರು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತಿರುತ್ತಿದ್ದರು. ದೂರದವರೊಡನೆ ಆಡಿದರೂ ದಿನವೂ ಅದೇ ಸರ್ವರಿಗೆ ಬರುವ ಪರಿಚಿತರೇ ಹೆಚ್ಚು. ಒರಟನನ್ನು ಹೊರಹಾಕುವ ಹಿರಿಯರೂ ಅಲ್ಲಿದ್ದರು. ಚೌಕಾಬಾರದಲ್ಲಿ ಕಾಯಿ ಕಡಿಸಿಕೊಂಡವನು ಮರುದಿನವೂ ಅದೇ ಜಗಲಿಗೆ ಬರಬೇಕಿತ್ತಲ್ಲವೆ, ಹಾಗೆ. ಈಗ ಪಬ್‌ಜಿಯಂತಹ ಆಟದಲ್ಲಿ ನೂರು ಮಂದಿಯನ್ನು ಯಂತ್ರವೇ ಆರಿಸಿ ಕೂಡಿಸುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲರೂ ಚದುರುತ್ತಾರೆ. ಮತ್ತೆ ಮುಖ ನೋಡುವ ಹಂಗಿಲ್ಲದ ಕಡೆ ನಾಲಿಗೆಗೆ ಕಡಿವಾಣವೆಲ್ಲಿ? ಜೊತೆಗೆ ರ‍್ಯಾಂಕಿನ ಆಸೆ. ನಾಲ್ವರ ತಂಡದಲ್ಲಿ ಒಬ್ಬ ಎಡವಿದರೆ ಉಳಿದ ಮೂವರಿಗೂ ನಷ್ಟ; ಆದ್ದರಿಂದ ಬೈಗುಳ ಶತ್ರುವಿಗಿಂತ ಸಂಗಾತಿಯ ಮೇಲೆಯೇ ಬೀಳುವುದುಂಟು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. ಮರುವರ್ಷ ಅದೇ ಆಟ ಬೇರೆ ಹೆಸರಿನಲ್ಲಿ ಬಂತು. ಆಗ ಹೇಳಲಾದ ಕಾರಣ ದೇಶದ ಭದ್ರತೆಯೇ ಹೊರತು ಮಾತಿನ ಕೊಳೆಯಲ್ಲ.

ತೆರೆಯ ಮೇಲೆ ಸಾಯುವುದು ಬರಿಯ ಚಿತ್ರ, ಅದರಲ್ಲೇನು ದೋಷ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹೊಯ್ಸಳರ ಆಸ್ಥಾನಕವಿ ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದೆ. ಜೀವಬಲಿಗೆ ಒಪ್ಪದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಟ್ಟ. ಕತ್ತರಿಸಿದ್ದು ಹಿಟ್ಟನ್ನು, ಆದರೆ ಕತ್ತಿ ಎತ್ತಿದಾಗಿನ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ ಹಲವು ಭವಗಳಲ್ಲಿ ತೊಳಲಿದರು. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆಯಿಂದ ಕರ್ಮಬಂಧವಾಗುತ್ತದೆ.

ಈ ಕಥೆಯನ್ನು ಆಟಕ್ಕೆ ಪೂರ್ತಿ ಅನ್ವಯಿಸುವುದು ಕಠಿಣವಾದೀತು. ಗುರಿಯಿಟ್ಟ ಹುಡುಗನ ಮನಸ್ಸಿನಲ್ಲಿ ದ್ವೇಷವೇ ಇಲ್ಲದಿರಬಹುದು. ಬೈಗುಳದ ಮಾತು ಬೇರೆ. ಅಲ್ಲಿ ಎದುರಿಗಿರುವುದು ಹಿಟ್ಟಿನ ಹುಂಜವಲ್ಲ. ಮತ್ತೊಂದು ಊರಿನ, ಬಹುಶಃ ಅದೇ ವಯಸ್ಸಿನ, ಕೇಳಿ ನೋಯುವ ಜೀವ. ‘ತತ್ತ್ವಾರ್ಥಸೂತ್ರ’ವು ಅನರ್ಥದಂಡ ವಿರತಿ ವ್ರತದ ಐದು ಅತಿಚಾರಗಳಲ್ಲಿ ‘ಮೌಖರ್ಯ’ವನ್ನೂ, ಎಂದರೆ ಹಿಡಿತವಿಲ್ಲದ ಬಾಯನ್ನೂ ಎಣಿಸಿದೆ.

ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯಂದು ಶ್ರಾವಕರು ಪರಸ್ಪರ ಕ್ಷಮೆ ಕೋರುತ್ತಾರೆ. ಈಚೆಗೆ ವಾಟ್ಸ್‌ಆ್ಯಪ್‌ನಲ್ಲಿಯೂ ಕೋರುತ್ತಾರೆ, ಅದೂ ಆಗಲಿ. ಆದರೆ ಆಟದಲ್ಲಿ ನೊಂದವನಿಗೆ ವಿಳಾಸವಿಲ್ಲ, ಹೆಸರೂ ಕಲ್ಪಿತ. ಪರ್ವದವರೆಗೆ ಕಾದರೆ ಅವನು ಸಿಗುವುದಿಲ್ಲ. ಆಟ ಮುಗಿದು ತಂಡ ಚದುರುವ ಮುನ್ನ, ಬೈದ ಅದೇ ಮೈಕಿನಲ್ಲಿ ‘ಕ್ಷಮಿಸು’ ಎನ್ನಲು ಕೆಲವು ಕ್ಷಣಗಳಿರುತ್ತವೆ.